ಹೊಳೆ ಇಳಿಯುವಾಗ ಬೀಳುವ ದಂಡೆ

ನಾನು ಮೈಸೂರಿನಲ್ಲಿ ನೆಲೆಸಿರುವ ಸಿವಿಲ್ ಎಂಜಿನಿಯರ್. ಉದ್ಯೋಗದ ಮೊದಲ ಕೆಲವು ವರ್ಷಗಳನ್ನು ಉಳ್ಳಾಲದ ಸುತ್ತಮುತ್ತ, ಕಡಲ್ಕೊರೆತ ತಡೆಯುವ ಕಾಮಗಾರಿಗಳ ಎಂ.ಬಿ., ಅಂದರೆ ಆದ ಕೆಲಸದ ಅಳತೆ ಪುಸ್ತಕ, ಬರೆಯುವುದರಲ್ಲಿ ಕಳೆದವನು. 2019ರ ಆಗಸ್ಟ್‌ನಲ್ಲಿ ಕಾವೇರಿ ಮತ್ತು ಕಪಿಲೆ ಎರಡೂ ಒಟ್ಟಿಗೆ ಉಕ್ಕಿ ಹರಿದ ಮೇಲೆ, ಶ್ರೀರಂಗಪಟ್ಟಣದಿಂದ ಕೆಳಗೆ ಕಾವೇರಿಯ ಎಡದಂಡೆಯಲ್ಲಿರುವ ಒಂದು ಊರಿನ ಹಿರಿಯರು ನನ್ನನ್ನು ಕರೆಸಿದರು. ನೆರೆ ಮತ್ತು ದಂಡೆ ಕೊರೆತ ಎರಡನ್ನೂ ಸೇರಿಸಿ ಊರಿಗೊಂದು ಯೋಜನೆ ಮಾಡಿಕೊಡಬೇಕೆಂಬುದು ಅವರ ಬೇಡಿಕೆ. ಸಮುದ್ರದ ಅಲೆಗೇ ಕಲ್ಲು ಹಾಕಿಸಿ ಬಂದವನಿಗೆ ಹೊಳೆಯ ದಂಡೆ ಯಾವ ಲೆಕ್ಕ ಎಂಬ ಹಮ್ಮು ಆಗ ನನ್ನಲ್ಲಿ ಸ್ವಲ್ಪ ಇತ್ತು.

ಈ ಊರಿನ ನೆರೆಗೂ ಊರಿನ ಮಳೆಗೂ ಸಂಬಂಧವಿಲ್ಲ. ತಲೆಯ ಮೇಲೆ ಒಂದು ಮೋಡವಿಲ್ಲದ ದಿನವೂ ಗದ್ದೆಗೆ ನೀರು ನುಗ್ಗಬಹುದು, ಏಕೆಂದರೆ ಮಳೆ ಬೀಳುವುದು ಕೊಡಗಿನಲ್ಲಿ ಮತ್ತು ಹೇಮಾವತಿಯ ಮೇಲ್ಭಾಗದಲ್ಲಿ. ಹಾರಂಗಿ, ಹೇಮಾವತಿ ಜಲಾಶಯಗಳು ತುಂಬಿದ ಮೇಲೆ ಬಂದ ನೀರೆಲ್ಲ ಕನ್ನಂಬಾಡಿಗೆ, ಅಂದರೆ ಕೆ.ಆರ್.ಎಸ್. ಅಣೆಕಟ್ಟೆಗೆ, ಇಳಿಯುತ್ತದೆ. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ ಸುಮಾರು 49.45 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಒಂದು ಲಕ್ಷ ಕ್ಯೂಸೆಕ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಘನ ಅಡಿ, ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಆಗುತ್ತದೆ. ಅಂದರೆ ಆ ವೇಗದಲ್ಲಿ ಬರುವ ಹೊಳೆಗೆ ಪೂರ್ತಿ ಬರಿದಾದ ಕಟ್ಟೆಯನ್ನು ತುಂಬಲು ಆರು ದಿನವೂ ಬೇಕಿಲ್ಲ. ಕಟ್ಟೆ ಮೊದಲೇ ತುಂಬಿದ್ದರೆ ಬಂದಷ್ಟನ್ನೂ ಕೆಳಗೆ ಬಿಡುವುದು ಅನಿವಾರ್ಯ. ಈ ಲೆಕ್ಕವನ್ನು ಅರಳಿಕಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ ದಿನ, ‘ಬೇಕೆಂದೇ ನಮ್ಮ ಮೇಲೆ ನೀರು ಬಿಡುತ್ತಾರೆ’ ಎಂಬ ಮಾತು ನಿಲ್ಲದಿದ್ದರೂ ತುಸು ಕಡಿಮೆಯಾಯಿತು.

ಮೊದಲ ಕೆಲಸ ಗುರುತು ಹುಡುಕುವುದಾಗಿತ್ತು. 2018 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮನೆಮನೆಗೆ ಹೋಗಿ ಕೇಳಿದೆವು. ಮಾರಿಗುಡಿಯ ಎರಡನೇ ಮೆಟ್ಟಿಲು, ಪಂಪ್‌ಹೌಸಿನ ಗೋಡೆಯ ಮೇಲೆ ಉಳಿದಿದ್ದ ಕೆಸರಿನ ಗೆರೆ, ಒಂದು ಮನೆಯ ಹಿತ್ತಿಲಿನಲ್ಲಿ ಹುಲ್ಲಿನ ಮೆದೆ ತೇಲಿಹೋದ ಜಾಗ, ಹೀಗೆ ಸಿಕ್ಕ ಒಂದೊಂದನ್ನೂ ಡಂಪಿ ಲೆವೆಲ್ ಎಂಬ ಎತ್ತರ ಅಳೆಯುವ ಉಪಕರಣದಲ್ಲಿ ಅಳೆದು, ಆಯಾ ದಿನ ಕಟ್ಟೆಯಿಂದ ಬಿಟ್ಟಿದ್ದ ನೀರಿನ ಪ್ರಮಾಣದ ಎದುರಿಗೆ ಬರೆದೆವು. ಎಷ್ಟು ಸಾವಿರ ಕ್ಯೂಸೆಕ್‌ಗೆ ಪಂಪ್‌ಸೆಟ್ ಮುಳುಗುತ್ತದೆ, ಎಷ್ಟಕ್ಕೆ ಕಬ್ಬಿನ ಗದ್ದೆ, ಎಷ್ಟಕ್ಕೆ ಊರಿನ ಕೆಳಗಿನ ಬೀದಿ ಎಂಬುದು ಒಂದೇ ಹಾಳೆಯಲ್ಲಿ ಮೂಡಿತು. ಅಲ್ಲಿಯವರೆಗೆ ಟಿ.ವಿ.ಯಲ್ಲಿ ಬರುತ್ತಿದ್ದ ಕ್ಯೂಸೆಕ್ ಸಂಖ್ಯೆ ಊರಿನವರಿಗೆ ಬರೀ ಸಂಖ್ಯೆಯಾಗಿತ್ತು. ಆ ಹಾಳೆಯನ್ನು ಹಾಲಿನ ಡೇರಿಯ ಬಾಗಿಲಿಗೆ ಅಂಟಿಸಿದ ಮೇಲೆ, ಸಂಖ್ಯೆ ಕೇಳಿದೊಡನೆ ಯಾರ ಮೋಟರನ್ನು ಮೇಲಕ್ಕೆ ಎತ್ತಬೇಕು ಎಂಬ ಲೆಕ್ಕ ಶುರುವಾಗತೊಡಗಿತು. ಹಾಳೆಯಲ್ಲಿ ಒಂದು ಕೊರತೆ ಇತ್ತು. ಕೆಳಗೆ ಎರಡೂ ಹೊಳೆ ಕೂಡುವ ತಿರುಮಕೂಡಲಿನಲ್ಲಿ ಕಪಿಲೆಯೂ ತುಂಬಿ ಬಂದಿದ್ದರೆ ಕಾವೇರಿಯ ನೀರು ಸರಾಗವಾಗಿ ಮುಂದೆ ಸಾಗದೆ ಹಿಂದಕ್ಕೆ ಒತ್ತುತ್ತದೆ. ಆದ್ದರಿಂದ ಕಪಿಲೆಗೆ ಕಟ್ಟಿರುವ ಕಬಿನಿ ಜಲಾಶಯದ ಹೊರಹರಿವಿಗೂ ಪಕ್ಕದಲ್ಲೊಂದು ಕಾಲಂ ಸೇರಿಸಿದೆ.

ನೆರೆಯ ಭಾಗ ಇಷ್ಟು ಸುಲಭವಾಗಿ ಆಯಿತು. ನಾನು ಎಡವಿದ್ದು ಕೊರೆತದಲ್ಲಿ.

ಊರಿನ ಮೂಡಣ ಬದಿಯಲ್ಲಿ ಹೊಳೆ ತಿರುಗುವಲ್ಲಿ ದಂಡೆ ವರ್ಷವರ್ಷವೂ ಕುಸಿಯುತ್ತಿತ್ತು. ಅಲ್ಲಿ ಸುಮಾರು 60 ಮೀಟರ್ ಉದ್ದಕ್ಕೆ ಗೇಬಿಯನ್, ಅಂದರೆ ತಂತಿಬಲೆಯೊಳಗೆ ಕಲ್ಲು ತುಂಬಿದ ಗೋಡೆ ಕಟ್ಟುವುದೆಂದು ನಾನೇ ಹೇಳಿದೆ. ಇದ್ದ ಹಣ ಅಷ್ಟಕ್ಕೇ ಸಾಕಾಗುತ್ತಿತ್ತು. 2021ರ ಬೇಸಿಗೆಯಲ್ಲಿ ಗೋಡೆ ಎದ್ದಿತು. ಮರುವರ್ಷದ ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ ಗೋಡೆ ಹಾಗೆಯೇ ಇತ್ತು, ಆದರೆ ಗೋಡೆ ಮುಗಿಯುವ ಜಾಗದಿಂದ ಕೆಳಗೆ ಪಕ್ಕದ ರೈತರ ಏಳು ತೆಂಗಿನ ಮರಗಳು ಹೊಳೆಯೊಳಗೆ ಮಲಗಿದ್ದವು. ಗಟ್ಟಿ ಗೋಡೆಗೆ ತಾಗಿದ ಪ್ರವಾಹ ಗೋಡೆ ಕೊನೆಯಾಗುವಲ್ಲಿ ಸುಳಿಯಾಗಿ ತಿರುಗಿ ಮೆತ್ತನೆಯ ಮಣ್ಣನ್ನು ಕೆರೆಯುತ್ತದೆ ಎಂಬುದು ಕರಾವಳಿಯಲ್ಲಿ ನಾನೇ ಕಂಡ ಸಂಗತಿ. ಅಲ್ಲೂ ತಡೆಗೋಡೆ ಮುಗಿದ ಮುಂದಿನ ಮನೆಯ ಅಂಗಳವೇ ಮೊದಲು ಹೋಗುತ್ತಿತ್ತು. ಗೊತ್ತಿದ್ದೂ ಮಾಡಿದೆನೆಂಬುದು ನನ್ನನ್ನು ಬಹಳ ದಿನ ಕೊರೆಯಿತು. ಆ ರೈತರು ನನ್ನೊಡನೆ ಜಗಳವಾಡಲಿಲ್ಲ, ಆದರೆ ಮುಂದಿನ ಎರಡು ಸಭೆಗಳಿಗೆ ಬರಲಿಲ್ಲ.

ಎರಡನೇ ಪಾಠ ಹೇಳಿದವರು ದಂಡೆಯ ಅಂಚಿನ ಮನೆಯ ಒಬ್ಬ ಅಜ್ಜಿ. ನೀರು ಏರುವ ರಾತ್ರಿ ನಿಮಗೆ ಹೆದರಿಕೆಯಾಗುವುದಿಲ್ಲವೇ ಅವ್ವ ಎಂದು ನಾನು ಕೇಳಿದ್ದಕ್ಕೆ ಅವರು, “ಏರೋವಾಗ ದಡ ಬೀಳಕಿಲ್ಲ ಕಣಪ್ಪ. ನೀರು ಇಳ್ದು ಎಲ್ಲಾ ಸರ್ಯಾಯ್ತು ಅಂತ ಮಲಗ್ತೀವಲ್ಲ, ಆಗ ದುಡುಂ ಅಂತ ಸದ್ದಾಯ್ತದೆ” ಎಂದರು. ನಾನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದ ವಿಷಯ ಅದು. ಇಲ್ಲಿನ ದಂಡೆಯಲ್ಲಿ ಮೇಲೆ ಎರಡಾಳು ಎತ್ತರದ ಮೆಕ್ಕಲು ಮಣ್ಣು, ಅದರ ಕೆಳಗೆ ಮರಳಿನ ಪದರ ಇದೆ. ಹೊಳೆ ತುಂಬಿರುವಾಗ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಆದರೆ ಎದುರಿಗಿರುವ ಹೊಳೆಯ ನೀರೇ ಅದನ್ನು ಒತ್ತಿ ಹಿಡಿದಿರುತ್ತದೆ. ಕಟ್ಟೆಯ ಗೇಟುಗಳನ್ನು ಇಳಿಸಿದ ಮೇಲೆ ಹೊಳೆ ಒಂದೇ ದಿನದಲ್ಲಿ ತಗ್ಗಿಬಿಟ್ಟರೆ ಆ ಆಸರೆ ತಪ್ಪುತ್ತದೆ, ಒಳಗಿನ ನೀರು ಮರಳಿನ ಕಣಗಳನ್ನು ಎಳೆದುಕೊಂಡು ಹೊರಗೆ ಹರಿಯುತ್ತದೆ, ಮತ್ತು ಬುಡ ಟೊಳ್ಳಾದ ದಂಡೆ ಇಡಿಯಾಗಿ ಕಳಚಿ ಬೀಳುತ್ತದೆ. ಹತ್ತಿರದಲ್ಲಿ ಮರಳು ತೆಗೆದ ಗುಂಡಿ ಇದ್ದರಂತೂ ಕೇಳುವುದೇ ಬೇಡ.

ನಮಗೆ ಬರುತ್ತಿದ್ದ ಎಚ್ಚರಿಕೆಗಳೆಲ್ಲ ಹೊರಹರಿವು ಹೆಚ್ಚಾಗುವಾಗ ಮಾತ್ರ. ತಮಟೆ ಹೊಡೆದು ಸಾರುವುದೂ ಆಗಲೇ. ಹೊರಹರಿವು ತಗ್ಗಿಸುವ ಹೊತ್ತನ್ನೂ ತಿಳಿಸಿ ಎಂದು ಸಂಬಂಧಪಟ್ಟ ಕಚೇರಿಯೊಂದಕ್ಕೆ ಎರಡು ಬಾರಿ ಅರ್ಜಿ ಕೊಟ್ಟೆವು. ‘ನೀರು ಕಡಿಮೆಯಾದರೆ ನಿಮಗೇನು ತೊಂದರೆ’ ಎಂದು ಅಲ್ಲಿದ್ದವರು ಕೇಳಿದರು. ಆ ಪ್ರಶ್ನೆ ಬರುವುದು ಸಹಜವೇ, ನಾನೂ ಮೂರು ವರ್ಷದ ಹಿಂದೆ ಹಾಗೆಯೇ ಕೇಳುತ್ತಿದ್ದೆ. ಕೊನೆಗೆ ಅರ್ಜಿಯ ದಾರಿ ಬಿಟ್ಟು ಪ್ರತಿದಿನ ಪ್ರಕಟವಾಗುವ ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳನ್ನು ಊರಿನ ಇಬ್ಬರು ಹುಡುಗರೇ ನೋಡಿ ಡೇರಿಯ ಹಾಳೆಯ ಮೇಲೆ ಬರೆಯುವ ಏರ್ಪಾಡು ಮಾಡಿದೆವು. ಹೊರಹರಿವು ಅರ್ಧಕ್ಕೆ ಇಳಿದ ದಿನದಿಂದ ಮೂರು ದಿನ ದಂಡೆಯ ಅಂಚಿಗೆ ದನ ಕಟ್ಟಬಾರದು, ಬಟ್ಟೆ ಒಗೆಯಲು ಹೋಗಬಾರದು, ಎತ್ತಿದ ಮೋಟರನ್ನು ಮರಳಿ ಇಳಿಸಬಾರದು ಎಂಬುದು ಯೋಜನೆಯಲ್ಲಿ ಸೇರಿತು. ಮೂರನೆಯದನ್ನು ಯಾರೂ ಪೂರ್ತಿ ಪಾಲಿಸುವುದಿಲ್ಲ, ಏಕೆಂದರೆ ನೆರೆ ಇಳಿದ ಮರುವಾರವೇ ಗದ್ದೆಗೆ ನೀರು ಬೇಕಾಗುತ್ತದೆ.

ಗೋಡೆಯನ್ನು ಇನ್ನಷ್ಟು ಉದ್ದ ಮಾಡಿ ಎಂಬ ಒತ್ತಾಯ ಬಂದಾಗ ನಾನು ಒಪ್ಪಲಿಲ್ಲ. ಬದಲಿಗೆ ಗೋಡೆಯ ಕೊನೆಯನ್ನು ದಂಡೆಯೊಳಕ್ಕೆ ಬಾಗಿಸಿ ಹೂತು, ಅಲ್ಲಿಂದ ಮುಂದೆ ಕಡಿದಾದ ದಂಡೆಯನ್ನು ಒಂದಕ್ಕೆ ಎರಡರ (ಒಂದಡಿ ಎತ್ತರಕ್ಕೆ ಎರಡಡಿ ಅಗಲದ) ಇಳಿಜಾರಿಗೆ ತಗ್ಗಿಸಿ, ಬುಡಕ್ಕೆ ಮಾತ್ರ ದಪ್ಪ ಕಲ್ಲು ಸುರಿದು, ಮೇಲೆ ಲಾವಂಚ, ಅದರ ಹಿಂದೆ ಹೊಳೆಮತ್ತಿ ಮತ್ತು ಹೊಂಗೆ ನೆಡಿಸಿದೆವು. ನೆಡುವ ಕೆಲಸ ನರೇಗಾ ಕೂಲಿಯಲ್ಲಿ ನಡೆಯಿತು. ಇಳಿಜಾರು ಮಾಡಬೇಕಾದರೆ ರೈತರು ಅಂಚಿನ ಹತ್ತು ಹೆಜ್ಜೆ ಅಗಲದ ನೆಲವನ್ನು ಬಿಟ್ಟುಕೊಡಬೇಕು. ಅದೇ ಎಲ್ಲಕ್ಕಿಂತ ಕಷ್ಟದ ಮಾತುಕತೆ. ಒಬ್ಬರು ತಮ್ಮ ಪಹಣಿ ತಂದು ತೋರಿಸಿದರು. ಅದರಲ್ಲಿರುವ ಜಮೀನಿನ ಕಾಲುಭಾಗ ಈಗಾಗಲೇ ಹೊಳೆಯೊಳಗಿದೆ, ಕಾಗದದಲ್ಲಿ ಮಾತ್ರ ಉಳಿದಿದೆ. ಬಿಟ್ಟುಕೊಟ್ಟರೆ ಹತ್ತು ಹೆಜ್ಜೆ, ಬಿಡದಿದ್ದರೆ ಹೊಳೆಯೇ ತೆಗೆದುಕೊಳ್ಳುವುದು ಎಷ್ಟೆಂದು ಯಾರಿಗೂ ಹೇಳಲಾಗದು ಎಂದು ನಾನು ವಾದಿಸಿದೆ. ಅವರು ಆರು ಹೆಜ್ಜೆಗೆ ಒಪ್ಪಿದರು. ತೆಂಗು ಕಳೆದುಕೊಂಡಿದ್ದ ರೈತರು ಮಾತ್ರ ಚೌಕಾಶಿ ಮಾಡದೆ ಹತ್ತೂ ಕೊಟ್ಟರು. ಒಂದು ತುಣುಕನ್ನು, ಕೆಳತುದಿಯ ಹಳೆಯ ಬಾಳೆತೋಟವನ್ನು, ಕಾಯುವುದೇ ಬೇಡವೆಂದು ಎಲ್ಲರೂ ಕೂತು ತೀರ್ಮಾನಿಸಿದೆವು. ಅದಕ್ಕೆ ಬದಲಾಗಿ ಊರಿನವರು ಸೇರಿ ಆ ಮನೆಯವರಿಗೆ ಮೇಲುಗಡೆ ಹೊಸ ದನದ ಕೊಟ್ಟಿಗೆ ಕಟ್ಟಿಕೊಟ್ಟರು.

2024ರ ಜುಲೈ ಕೊನೆಯಲ್ಲಿ ಕಟ್ಟೆಯ ಹೊರಹರಿವು ಮತ್ತೆ ಲಕ್ಷ ಕ್ಯೂಸೆಕ್ ದಾಟಿತು. ಕೆಳಗಿನ ಬೀದಿಯವರು ಹಾಳೆ ನೋಡಿಕೊಂಡು ಹಿಂದಿನ ಸಂಜೆಯೇ ಸಾಮಾನು ಎತ್ತಿದ್ದರು. ಕೊರೆತ ಗುರುತಿಸಲೆಂದು ದಂಡೆಯ ಉದ್ದಕ್ಕೂ ನಾವು ಹೊಡೆದಿದ್ದ ಹನ್ನೆರಡು ಗೂಟಗಳಲ್ಲಿ ಒಂಬತ್ತು ಉಳಿದವು. ಹೋದ ಮೂರರಲ್ಲಿ ಎರಡು ಬಾಳೆತೋಟದವು. ಇನ್ನೊಂದು ಆರು ಹೆಜ್ಜೆಗೆ ಒಪ್ಪಿದವರ ಗದ್ದೆಯದು. ಅಲ್ಲಿ ಲಾವಂಚದ ಸಾಲಿನ ಹಿಂದೆ ಬೆರಳು ತೂರುವಷ್ಟು ಅಗಲದ ಬಿರುಕೊಂದು ಕಬ್ಬಿನ ಬುಡದವರೆಗೆ ಹರಿದಿದೆ. ನಾಡಿದ್ದು ಮತ್ತೆ ಟೇಪು ಹಿಡಿದು ಹೋಗುವವನಿದ್ದೇನೆ. ಉಳಿದ ನಾಲ್ಕು ಹೆಜ್ಜೆಯ ಮಾತನ್ನು ಈ ಸಲ ಅವರೇ ತೆಗೆದಿದ್ದಾರೆ.