ಮಾಗಡಿ ಕೆರೆಯಲ್ಲಿ ಹೆಬ್ಬಾತು ಎಣಿಸುವ ಬೆಳಗು

ಗದಗದಿಂದ ಸುಮಾರು 26 ಕಿ.ಮೀ. ದೂರದ ಮಾಗಡಿ ಕೆರೆಗೆ ಜನ ಬರುವುದು ಹೆಚ್ಚಾಗಿ ಹೆಬ್ಬಾತು ನೋಡಲು. ಬಂದವರು ಕೆರೆ ಹಕ್ಕಿಗಳಿಂದ ತುಂಬಿರುವಾಗ ಫೋಟೊ ತೆಗೆದು ಹೊರಡುತ್ತಾರೆ. ನನಗೆ ಕೆರೆ ಇನ್ನೂ ಖಾಲಿ ಖಾಲಿ ಇರುವಾಗಲೇ ಅಲ್ಲಿರಬೇಕು. ಪಟ್ಟೆತಲೆ ಹೆಬ್ಬಾತುಗಳು ಜಾಸ್ತಿ ಮೇಯುವುದು ರಾತ್ರಿ ಮತ್ತು ನಸುಕಿನಲ್ಲಿ, ಸುತ್ತಲಿನ ಹೊಲಗಳಲ್ಲಿ. ಬಿಸಿಲೇರುವ ಹೊತ್ತಿಗೆ ನೀರಿಗೆ ಮರಳುತ್ತವೆ. ಆ ಮರಳುವ ಹೊತ್ತೇ ಎಣಿಕೆಗೆ ಒಳ್ಳೆಯದು.

ಡಿಸೆಂಬರ್, ಜನವರಿಯಲ್ಲಿ ಹೋಗುತ್ತೇನೆ. ಮಾಸಲು ಬಣ್ಣದ ಅಂಗಿ, ಬೈನಾಕ್ಯುಲರ್, ನೋಟ್‌ಬುಕ್, ಪೆನ್ಸಿಲ್. ಸೂರ್ಯ ಬೆನ್ನಿಗೆ ಇರುವಂತೆ ಪೂರ್ವದ ಕಡೆ ಕೂರುತ್ತೇನೆ. ಎದುರು ಬಿಸಿಲಿಗೆ ಕೂತರೆ ಎಲ್ಲ ಹಕ್ಕಿಯೂ ಕಪ್ಪು.

ಹೊಲಕ್ಕೆ ಹೊರಟಿದ್ದ ಅಜ್ಜ ಒಬ್ಬರು ನಿಂತು ಕೇಳಿದರು, "ಹಕ್ಕಿ ನೋಡಾಕ ಬಂದೀರೇನ್ರಿ?" ಹೌದೆಂದೆ. "ಶೇಂಗಾ ಹೊಲದಾಗ ಅದಾವ್ರಿ ಇನ್ನ. ಈಗ ಬರ್ತಾವ ನೋಡ್ರಿ, ಆ ಕಡೆಯಿಂದ," ಎಂದು ಕೈ ತೋರಿಸಿ ಹೋದರು. ಸ್ವಲ್ಪ ಹೊತ್ತಿಗೆ ಅದೇ ದಿಕ್ಕಿನಿಂದ ದನಿ ಬಂತು, ಆಮೇಲೆ ಸಾಲು. ಹೊಲದಲ್ಲಿ ತಿರುಗುವವರ ಮಾತು ಯಾವ ಗೈಡ್ ಪುಸ್ತಕಕ್ಕೂ ಕಮ್ಮಿ ಅಲ್ಲ.

ಹಾರಿ ಬರುವ ಗುಂಪನ್ನು ಹೀಗೆ ಎಣಿಸುತ್ತೇನೆ. ಮೊದಲು ಹತ್ತು ಹಕ್ಕಿಯನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ನೋಡಿಕೊಳ್ಳುವುದು. ಅದೇ ಅಳತೆಯನ್ನು ಸಾಲಿನುದ್ದಕ್ಕೂ ಇಡುತ್ತಾ ಹೋಗುವುದು. ಗುಂಪು ದೊಡ್ಡದಾದರೆ ಐವತ್ತರ ಅಳತೆ. ನೀರಿಗಿಳಿದ ಮೇಲೆ ಮತ್ತೊಮ್ಮೆ ಎಣಿಕೆ.

ನಿಜವಾದ ಕೆಲಸ ಶುರುವಾಗುವುದು ಅವು ಇಳಿದ ಮೇಲೆ. ದೊಡ್ಡ ಹಕ್ಕಿಯ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತವೆ. ಆ ವರ್ಷದ ಮರಿಗೆ ಆ ಪಟ್ಟೆಗಳಿಲ್ಲ. ನೆತ್ತಿ, ಕತ್ತಿನ ಹಿಂಭಾಗ ಮಂಕು ಕಂದು. ಹೆಬ್ಬಾತಿನ ಸಂಸಾರ ಚಳಿಗಾಲದಲ್ಲೂ ಜೊತೆಗೇ ಇರುತ್ತದೆ. ನೋಡುತ್ತಾ ಕೂತರೆ ಎರಡು ಪಟ್ಟೆಯ ತಲೆಗಳ ಮಧ್ಯೆ ಮೂರು ಮಂಕು ತಲೆ ಒಟ್ಟಿಗೆ ತೇಲುವುದು ಕಾಣುತ್ತದೆ. ಹಿಮಾಲಯ ದಾಟಿ ಬಂದ ಮರಿಗಳು ಅವು! ಅದಕ್ಕೇ ಒಟ್ಟು ಲೆಕ್ಕದ ಪಕ್ಕದಲ್ಲಿ ಮರಿಗಳ ಲೆಕ್ಕವನ್ನೂ ಬರೆಯುತ್ತೇನೆ. ಮಂಗೋಲಿಯಾ, ಟಿಬೆಟ್ ಕಡೆ ಆ ವರ್ಷ ಮರಿಗಳು ಹೇಗೆ ಉಳಿದವು ಎಂಬುದರ ಸುಳಿವು ನಮ್ಮ ಕೆರೆಯಲ್ಲೇ ಸಿಗುತ್ತದೆ. ಬರೀ ಒಟ್ಟು ಸಂಖ್ಯೆಯಿಂದ ಇದು ತಿಳಿಯಲ್ಲ ಅಲ್ವಾ.

ಎಷ್ಟು ಹತ್ತಿರ ಹೋಗಬಹುದು ಎಂಬುದನ್ನು ಹಕ್ಕಿಯ ಕತ್ತೇ ಹೇಳುತ್ತದೆ. ಕತ್ತು ಮಡಚಿ ಕೂತಿದ್ದರೆ ನೆಮ್ಮದಿಯಾಗಿದೆ. ಹಲವು ಕತ್ತುಗಳು ಒಮ್ಮೆಗೇ ನೆಟ್ಟಗಾದರೆ ನಾನು ನಿಂತುಬಿಡುತ್ತೇನೆ, ಬೇಕಾದರೆ ಹಿಂದೆ ಸರಿಯುತ್ತೇನೆ. ಅಷ್ಟು ದೂರ ಹಾರಿ ಬಂದ ಹಕ್ಕಿಯನ್ನು ಒಂದು ಫೋಟೊಗಾಗಿ ಎಬ್ಬಿಸುವುದು ನನಗೆ ಸಹಿಸಲಾಗದ ವಿಷಯ.

ಸಲಿಕೆ ಕೊಕ್ಕಿನ ಬಾತು, ಮೆಟ್ಟುಗಾಲು ಹಕ್ಕಿ, ಬಣ್ಣದ ಕೊಕ್ಕರೆಗಳನ್ನೂ ಪಟ್ಟಿಗೆ ಸೇರಿಸುತ್ತೇನೆ.

2024ರಲ್ಲಿ ಅಂಕಸಮುದ್ರ, ಅಘನಾಶಿನಿ ಜೊತೆ ಮಾಗಡಿ ಕೆರೆಯೂ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿತು. ಒಂದು ಜಾತಿಯ ನೀರುಹಕ್ಕಿಗಳಲ್ಲಿ ಶೇ 1ರಷ್ಟು ಒಂದೇ ಜಾಗಕ್ಕೆ ತಪ್ಪದೆ ಬರುತ್ತವೆಯೇ ಎಂಬುದು ಆ ಪಟ್ಟಿಯ ಅಳತೆಗಳಲ್ಲಿ ಒಂದು. ಹಾಗಾಗಿ ಮನೆಗೆ ಬಂದ ದಿನವೇ ಲೆಕ್ಕವನ್ನು ಹಕ್ಕಿ ನೋಡುವವರು ಮಾಹಿತಿ ಸೇರಿಸುವ ಜಾಲತಾಣ ಇ-ಬರ್ಡ್‌ಗೆ ಹಾಕುತ್ತೇನೆ, ಮರಿಗಳ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ಬರೆಯುತ್ತೇನೆ. ಯಾವುದಾದರೂ ಹಕ್ಕಿಯ ಕುತ್ತಿಗೆಗೆ ಗುರುತಿನ ಪಟ್ಟಿ ಕಂಡರೆ ಅದರ ಬಣ್ಣ, ಮೇಲಿನ ಅಕ್ಷರಗಳನ್ನು ಬರೆದುಕೊಳ್ಳಿ. ಅದು ಎಲ್ಲಿಂದ ಬಂದ ಹಕ್ಕಿ ಎಂದು ಪತ್ತೆ ಹಚ್ಚಲು ಅಷ್ಟು ಸಾಕು.