ಮೈಲೋ ಜೋಳ ಇಳಿಸಿದ ವರ್ಷ

ನಾನು ಕೆಲಸಕ್ಕೆ ಸೇರಿದ್ದು 1972ರ ಕೊನೆಯಲ್ಲಿ, ಮದ್ರಾಸ್ ಬಂದರಿನಲ್ಲಿ. ಸರ್ಕಾರ ಹೊರದೇಶದಿಂದ ಕೊಂಡ ಧಾನ್ಯವನ್ನು ಹಡಗಿನಿಂದ ಇಳಿಸಿ, ಚೀಲಕ್ಕೆ ತುಂಬಿಸಿ, ತೂಗಿ, ರೈಲು ಹತ್ತಿಸುವ ವಿಭಾಗ ನಮ್ಮದು. ನನಗಾಗ 22 ವರ್ಷ. ಬಿಜಾಪುರ ಜಿಲ್ಲೆಯ ಒಣಬೇಸಾಯದ ಊರಿನವನು. ಅಲ್ಲಿಯವರೆಗೆ ಸಮುದ್ರವನ್ನೇ ನೋಡಿರಲಿಲ್ಲ.

ಯುದ್ಧ ಮುಗಿದು ಒಂದು ವರ್ಷ ಆಗಿತ್ತು ಅಷ್ಟೇ. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರಿಗೆ ದೇಶ ಊಟ ಹಾಕಿತ್ತು. ಆದರೂ ಉಗ್ರಾಣಗಳು ತುಂಬಿದ್ದವು. ಪಂಜಾಬಿನ ಗೋಧಿ ಚೆನ್ನಾಗಿ ಬಂದಿತ್ತು. ಹಾಗಾಗಿ ಅಮೆರಿಕದಿಂದ ರಿಯಾಯಿತಿಯಲ್ಲಿ ಬರುತ್ತಿದ್ದ ಪಿಎಲ್-480 ಧಾನ್ಯ ಇನ್ನು ಸಾಕು ಎಂದು 1971ರ ಕೊನೆಗೆ ಸರ್ಕಾರ ನಿರ್ಧರಿಸಿತು. 1966ರಲ್ಲಿ ಒಂದು ಕೋಟಿ ಟನ್‌ಗೂ ಜಾಸ್ತಿ ಧಾನ್ಯ ತರಿಸಿಕೊಂಡಿದ್ದ ದೇಶಕ್ಕೆ ಇದು ದೊಡ್ಡ ಮಾತು, ಅಲ್ವಾ? ನಮಗೆಲ್ಲ ಎದೆ ಉಬ್ಬಿತ್ತು.

ಮರು ವರ್ಷವೇ ಮಳೆ ಕೈಕೊಟ್ಟಿತು. 1971-72ರಲ್ಲಿ 10.5 ಕೋಟಿ ಟನ್ ಇದ್ದ ದೇಶದ ಬೆಳೆ ಮುಂದಿನ ವರ್ಷ 9.7 ಕೋಟಿ ಟನ್‌ಗೆ ಇಳಿಯಿತು. ಮತ್ತೆ ಹಡಗು ತರಿಸಬೇಕಾಯಿತು. ಈ ಸಲ ರೂಪಾಯಿ ನಡೆಯುವುದಿಲ್ಲ, ಡಾಲರ್ ಎಣಿಸಬೇಕು. ವಾಷಿಂಗ್ಟನ್‌ನಲ್ಲಿದ್ದ ಭಾರತದ ಸರಬರಾಜು ಕಚೇರಿ ಅಲ್ಲಿ ಕೊಳ್ಳುತ್ತಿತ್ತು. ನಾವು ಇಲ್ಲಿ ಇಳಿಸಿಕೊಳ್ಳುತ್ತಿದ್ದೆವು.

ಇಳಿಸುವುದು ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. 18,000 ಟನ್ ಧಾನ್ಯ ಹೊತ್ತ ಹಡಗು ಅಂದರೆ 95 ಕಿಲೋ ಚೀಲದ ಲೆಕ್ಕದಲ್ಲಿ 1,89,000 ಚೀಲ. ಧಾನ್ಯ ಬರುವುದು ಚೀಲದಲ್ಲಲ್ಲ, ಹಡಗಿನ ಹೊಟ್ಟೆಯಲ್ಲಿ ಸುಮ್ನೆ ಸುರಿದುಕೊಂಡು, ಮರಳಿನ ರಾಶಿಯ ಹಾಗೆ. ಕೂಲಿಯವರು ಒಳಗಿಳಿದು ಸಲಿಕೆಯಲ್ಲಿ ಒಟ್ಟುಗೂಡಿಸುತ್ತಿದ್ದರು. ಧೂಳಿಗೆ ಮೂಗು ಬಾಯಿ ಕಟ್ಟಿಕೊಂಡು ಕೆಲಸ. ಮೇಲೆ ಬಂದ ಕಾಳನ್ನು ಗೋಣಿಚೀಲಕ್ಕೆ ತುಂಬಿ, ದಬ್ಬಣದಿಂದ ಬಾಯಿ ಹೊಲಿಯುವವರು ಬೇರೆ. ಚೆಲ್ಲಿದ ಕಾಳು ಗುಡಿಸುವ ಹೆಂಗಸರು ಬೇರೆ. ಆ ಗುಡಿಸಿದ ಕಾಳಿಗೂ ಪ್ರತ್ಯೇಕ ತೂಕ, ಪ್ರತ್ಯೇಕ ಲೆಕ್ಕ ಇತ್ತು. ದಿನಕ್ಕೆ ಸಾವಿರ, ಸಾವಿರದ ಐನೂರು ಟನ್ ಇಳಿದರೆ ಒಳ್ಳೆಯ ದಿನ.

ಖಾಲಿ ಗೋಣಿಚೀಲ ಸಮಯಕ್ಕೆ ಸಿಗದಿದ್ದರೆ ಎಲ್ಲವೂ ನಿಲ್ಲುತ್ತಿತ್ತು. ಚೀಲ ಬರುವುದು ಕಲ್ಕತ್ತೆ ಕಡೆಯ ಸೆಣಬಿನ ಗಿರಣಿಗಳಿಂದ. ಹಡಗು ಬರುವ ಎರಡು ವಾರ ಮೊದಲೇ ಚೀಲದ ವ್ಯಾಗನ್ ಎಲ್ಲಿದೆ ಅಂತ ನಾನು ತಂತಿ ಕಳಿಸಿ ವಿಚಾರಿಸಲು ಶುರು ಮಾಡುತ್ತಿದ್ದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಒಮ್ಮೆ ಚೀಲ ಇಲ್ಲದೆ ಇಡೀ ದಿನ ಹಡಗು ಸುಮ್ಮನೆ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಕಲಿತದ್ದು.

ತೂಕವನ್ನು ಎರಡು ಕಡೆಯಿಂದ ನೋಡುತ್ತಿದ್ದೆವು. ದಡದಲ್ಲಿ ಚೀಲ ಎಣಿಸಿ, ಅಲ್ಲಲ್ಲಿ ಒಂದೊಂದು ಚೀಲ ತೂಗಿ ಲೆಕ್ಕ ಹಿಡಿಯುವುದು ಒಂದು ಕಡೆ. ಇನ್ನೊಂದು ಕಡೆ ಹಡಗಿನ ಮುಳುಗಳತೆ, ಅಂದರೆ ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅಂತ ನೋಡಿ ಧಾನ್ಯದ ತೂಕ ಹಿಡಿಯುವುದು. ಹಡಗಿನ ಪಕ್ಕದಲ್ಲಿ ಬಿಳಿ ಬಣ್ಣದ ಅಂಕಿಗಳಿರುತ್ತವೆ. ಮುಂದೆ, ನಡುವೆ, ಹಿಂದೆ, ಎರಡೂ ಬದಿ ಸೇರಿ ಆರು ಕಡೆ ಓದಬೇಕು. ಸಮುದ್ರದ ಬದಿಯ ಅಂಕಿ ಓದಲು ದೋಣಿಯಲ್ಲಿ ಹೋಗಬೇಕು, ಇಲ್ಲವೇ ಹಗ್ಗದ ಏಣಿಯಲ್ಲಿ ಇಳಿಯಬೇಕು. ಅಲೆ ಏರಿಳಿಯುತ್ತಿರುತ್ತದೆ, ಹಾಗಾಗಿ ಒಂದೇ ನೋಟಕ್ಕೆ ಬರೆದುಕೊಳ್ಳುವ ಹಾಗಿಲ್ಲ. ಮೇಲಿನ ಗುರುತು, ಕೆಳಗಿನ ಗುರುತು ಹಲವು ಸಲ ನೋಡಿ ಸರಾಸರಿ ಹಿಡಿಯಬೇಕು. ಬಂದರಿನ ನೀರು ಎತ್ತಿ ಅದರ ಸಾಂದ್ರತೆಯನ್ನೂ ಅಳೆಯಬೇಕು, ಯಾಕೆಂದರೆ ಉಪ್ಪು ಕಡಿಮೆಯಾದರೆ ಹಡಗು ಇನ್ನಷ್ಟು ಮುಳುಗುತ್ತದೆ. ಮಳೆ ಬಂದ ಮೇಲೆ ಸಿಹಿನೀರು ಮೇಲೆ ತೇಲುತ್ತಿರುತ್ತದೆ. ಆಗ ಮೇಲ್ಪದರದ ನೀರು ತೆಗೆದರೆ ಲೆಕ್ಕ ತಪ್ಪುತ್ತದೆ. ಆಳಕ್ಕೆ ಇಳಿಬಿಟ್ಟು ತೆಗೆಯಬೇಕು. ದಡದ ತೂಕಕ್ಕೂ ಹಡಗಿನ ತೂಕಕ್ಕೂ ನೂರು ಟನ್ ವ್ಯತ್ಯಾಸ ಬಂದರೆ ಆ ರಾತ್ರಿ ನನಗೆ ನಿದ್ದೆ ಇರುತ್ತಿರಲಿಲ್ಲ. ನೂರು ಟನ್ ಅಂದರೆ ನಮ್ಮ ಊರಿಗೆ ಎಷ್ಟು ತಿಂಗಳ ಊಟ ಅಂತ ಮನಸ್ಸು ತಾನೇ ಲೆಕ್ಕ ಹಾಕುತ್ತಿತ್ತು.

1973ರ ಶುರುವಿನಲ್ಲಿ ಬಂದ ಹಡಗುಗಳಲ್ಲಿ ಗೋಧಿಯ ಜೊತೆ ಮೈಲೋ ಇತ್ತು. ಅಮೆರಿಕದ ಕೆಂಪು ಜೋಳ. ಅಲ್ಲಿ ಅದನ್ನು ಹೆಚ್ಚಾಗಿ ದನಕರುಗಳಿಗೆ ಹಾಕುತ್ತಾರೆ. ಗೋಧಿಗಿಂತ ಅಗ್ಗ. ಜೋಳ ತಿನ್ನುವ ಜನಕ್ಕೆ ಜೋಳವನ್ನೇ ಕೊಂಡರೆ ಆಯಿತು ಎಂದು ಲೆಕ್ಕ ಹಾಕಿದ್ದರು ಅಂತ ಕಾಣುತ್ತದೆ. ಕಾಗದದ ಮೇಲೆ ಅದು ಸರಿಯಾಗೇ ಕಾಣುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಹಡಗಿನ ಹೊಟ್ಟೆಯಲ್ಲಿ ಆ ಕಾಳು ಮೊದಲ ಸಲ ಮುಷ್ಟಿಯಲ್ಲಿ ಹಿಡಿದಾಗ, ಇದು ನಮ್ಮ ಕಡೆಗೆ ಹೋಗುತ್ತದೆ ಅಂತ ಖುಷಿಪಟ್ಟಿದ್ದೆ.

ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಹೋದೆ. ಊರಿನ ಅರ್ಧ ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಮನೆಯಲ್ಲಿ ಅವ್ವ ರೇಷನ್ ಹಿಟ್ಟು ನಾದುತ್ತಿದ್ದಳು. ನಲವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಹಿಟ್ಟಿಗೆ ಬಿಸಿನೀರು ಹಾಕಿ, ಚೆನ್ನಾಗಿ ಮಿದ್ದು, ಬಡಿಯಲು ಕೂತಳು. ಅಂಗೈ ಅಗಲ ಆಗುವುದರೊಳಗೆ ಅಂಚು ಸೀಳಿತು. ಮತ್ತೆ ಮುದ್ದೆ ಮಾಡಿ ಬಡಿದಳು. ಮತ್ತೆ ಸೀಳಿತು.

"ಇದು ಜ್ವಾಳ ಅಲ್ಲಪಾ ತಮ್ಮಾ. ಜಿಗಿನ ಇಲ್ಲ ಇದಕ್ಕ. ಯಾರ್ ಆರಿಸಿ ತಂದಾರ ಇದನ್ನ?" ಅಂದಳು.

ಇಳಿಸಿದವನು ನಾನೇ ಅಂತ ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಸ್ವಲ್ಪ ಗೋಧಿ ಹಿಟ್ಟು ಬೆರೆಸಿ, ದಪ್ಪಗೆ ತಟ್ಟಿ ಬೇಯಿಸಿದಳು. ಗೋಧಿ ಇಲ್ಲದ ಮನೆಗಳಲ್ಲಿ ಅದನ್ನೇ ನುಚ್ಚು ಮಾಡಿ, ಅಂಬಲಿ ಕಾಸಿ ಕುಡಿಯುತ್ತಿದ್ದರು. ಹಸಿವು ತಡೆಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಧಾನ್ಯ ಬಾರದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಭಯ ಆಗುತ್ತದೆ. ಆದರೆ ಕೊಳ್ಳುವ ಮೊದಲು ಒಂದು ಮೂಟೆ ತರಿಸಿ, ರೊಟ್ಟಿ ಬಡಿಯುವ ನಾಲ್ಕು ಹೆಂಗಸರ ಕೈಗೆ ಕೊಟ್ಟು ನೋಡಬಹುದಿತ್ತು. ಒಂದು ಮಧ್ಯಾಹ್ನದ ಕೆಲಸ ಅದು.

ಹಾಗೆ ನೋಡಲು ಪುರುಸೊತ್ತು ಯಾಕಿರಲಿಲ್ಲ ಎನ್ನುವುದನ್ನು ಆಮೇಲೆ ನಮ್ಮ ಹಿರಿಯ ಅಧಿಕಾರಿಯೊಬ್ಬರು ಬಿಡಿಸಿ ಹೇಳಿದರು. 1972ರ ಜುಲೈ-ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದ ಒಂದೊಂದು ಧಾನ್ಯ ಕಂಪನಿಯ ಜೊತೆಗೂ ಗುಟ್ಟಾಗಿ, ಬೇರೆ ಬೇರೆಯಾಗಿ ಮಾತಾಡಿ, ಬೆಲೆ ಏರುವ ಮೊದಲೇ ಕೋಟಿ ಟನ್‌ಗಿಂತ ಜಾಸ್ತಿ ಗೋಧಿ ಹಿಡಿದಿಟ್ಟುಕೊಂಡಿತ್ತು. ಒಬ್ಬರ ವ್ಯಾಪಾರ ಇನ್ನೊಬ್ಬರಿಗೆ ತಿಳಿಯಲಿಲ್ಲ. ನಮ್ಮ ಬರ ಮಾತ್ರ ಜಗತ್ತಿಗೇ ಗೊತ್ತಿತ್ತು. ನಾವು ಅಂಗಡಿಗೆ ಹೋಗುವ ಹೊತ್ತಿಗೆ ಕಪಾಟು ಖಾಲಿಯಾಗುತ್ತಾ ಬಂದಿತ್ತು. ಇಡೀ ದೇಶದ ಪರವಾಗಿ ಒಬ್ಬನೇ ಕೊಳ್ಳುವಾಗ ಒಳ್ಳೆಯ ಬೆಲೆ ಸಿಗಬೇಕು, ನಿಜ. ಆದರೆ ಆ ಒಬ್ಬ ತಡವಾಗಿ ಹೋದರೆ ಇಡೀ ದೇಶವೇ ತಡವಾಗಿ ಹೋದ ಹಾಗೆ. ಸಣ್ಣ ವ್ಯಾಪಾರಿಗಳು ಹತ್ತು ಜನ ಇದ್ದರೆ ಒಬ್ಬನಾದರೂ ಮೊದಲೇ ಕೊಂಡಿರುತ್ತಾನೆ.

1973ರ ಆಗಸ್ಟ್ ತಿಂಗಳಲ್ಲಿ ಒಂದು ಚೀಟಿಯ ಹಿಂದೆ ನಾನೇ ಹಾಕಿದ ಲೆಕ್ಕ ಇನ್ನೂ ನೆನಪಿದೆ. ಹಿಂದಿನ ವರ್ಷದ ಬೇಸಿಗೆಯಲ್ಲಿ ಅಮೆರಿಕದ ಗೋಧಿ ಬುಷೆಲ್‌ಗೆ 1.65 ಡಾಲರ್ ಸುಮಾರು ಇತ್ತು. ಈಗ 5 ಡಾಲರ್ ಮುಟ್ಟಿತ್ತು. ಬುಷೆಲ್ ಅಂದರೆ 27 ಕಿಲೋ ಚಿಲ್ಲರೆ. ಟನ್‌ಗೆ 184 ಡಾಲರ್ ಆಯಿತು. ಡಾಲರ್‌ಗೆ ಏಳೂವರೆ ರೂಪಾಯಿ ಮೇಲೆ. ಅಂದರೆ ಕ್ವಿಂಟಲ್‌ಗೆ 140 ರೂಪಾಯಿ ಹತ್ತಿರ, ಹಡಗಿನ ಬಾಡಿಗೆ ಸೇರಿಸದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಸರ್ಕಾರ ಗೋಧಿಯ ಸಗಟು ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡು ನಮ್ಮ ರೈತನಿಗೆ ಕೊಟ್ಟದ್ದು ಕ್ವಿಂಟಲ್‌ಗೆ 76 ರೂಪಾಯಿ. 81 ಲಕ್ಷ ಟನ್ ಗುರಿ ಇಟ್ಟರೆ ಸಿಕ್ಕಿದ್ದು 45 ಲಕ್ಷ ಟನ್. ರೈತ ಮನೆಯಲ್ಲೇ ಇಟ್ಟುಕೊಂಡ, ಕದ್ದು ಮಾರಿದ. ನಾನೂ ರೈತನ ಮಗ, ಆ ಎರಡು ಅಂಕಿ ಪಕ್ಕಪಕ್ಕ ನೋಡಿದಾಗ ಹೊಟ್ಟೆ ಉರಿಯಿತು. ಮರು ವರ್ಷ ಆ ಪದ್ಧತಿ ಬಿಟ್ಟು, ಬೆಲೆಯನ್ನು 105ಕ್ಕೆ ಏರಿಸಿದರು. ಆ 105ನ್ನು ಒಂದು ವರ್ಷ ಮೊದಲೇ ಕೊಟ್ಟಿದ್ದರೆ ಎಷ್ಟು ಹಡಗು ಕಡಿಮೆ ತರಿಸಬಹುದಿತ್ತೋ.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ನವೆಂಬರ್ ಮಳೆಗಾಲದ ಒಂದು ಮಧ್ಯಾಹ್ನ. ಹಡಗನ್ನು ಗೊತ್ತುಪಡಿಸಿದ ದಿನಗಳಿಗಿಂತ ಜಾಸ್ತಿ ನಿಲ್ಲಿಸಿಕೊಂಡರೆ ದಿನಕ್ಕೆ ಇಷ್ಟು ಅಂತ ಡೆಮರೇಜ್ ಕಟ್ಟಬೇಕು, ಅದೂ ಡಾಲರ್‌ನಲ್ಲಿ. ಆ ಹಡಗಿನ ಕರಾರಿನ ಪ್ರಕಾರ, ಮಳೆಯಿಂದ ಕೆಲಸ ನಿಂತ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ನಾನು ಮಳೆ ಶುರುವಾದ ಗಂಟೆ ಬರೆದೆ. ಹಡಗಿನ ಹೊಟ್ಟೆಯ ಮುಚ್ಚಳ ಮುಚ್ಚಿದ್ದು ಯಾವಾಗ, ಮತ್ತೆ ತೆರೆದದ್ದು ಯಾವಾಗ ಅಂತ ಬರೆಯಲಿಲ್ಲ. ಹಡಗಿನವರ ಪುಸ್ತಕದಲ್ಲಿ ಅರ್ಧ ಗಂಟೆ ಮಾತ್ರ ಇತ್ತು. ನನಗೆ ಗೊತ್ತಿದ್ದಂತೆ ಮೂರು ಗಂಟೆಗೂ ಜಾಸ್ತಿ ನಿಂತಿತ್ತು. ಕೈಯಲ್ಲಿ ದಾಖಲೆ ಇಲ್ಲ, ವಾದ ನಿಲ್ಲಲಿಲ್ಲ.

ಅವತ್ತಿನಿಂದ ಜೇಬಿನಲ್ಲಿ ನನ್ನದೇ ಒಂದು ಪುಸ್ತಕ. ಪ್ರತಿ ಮುಚ್ಚಳಕ್ಕೂ ಒಂದೊಂದು ಪುಟ. ಮುಚ್ಚಿದ ಗಂಟೆ, ತೆರೆದ ಗಂಟೆ, ಕೂಲಿ ತಂಡ ಕೆಳಗಿಳಿದ ಗಂಟೆ. ಪಾಳಿ ಮುಗಿಯುವ ಮೊದಲು ಹಡಗಿನ ಅಧಿಕಾರಿಯ ಸಹಿ ಅಲ್ಲೇ ಹಾಕಿಸಿಕೊಳ್ಳುತ್ತಿದ್ದೆ. ನಾಳೆ ಅಂದರೆ ಬಿಡುತ್ತಿರಲಿಲ್ಲ.

1973ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ 20 ಲಕ್ಷ ಟನ್ ಧಾನ್ಯವನ್ನು ಸಾಲವಾಗಿ ಕೊಡಲು ಒಪ್ಪಿತ್ತು, ಮುಂದೆ ಧಾನ್ಯವಾಗಿಯೇ ತೀರಿಸುವ ಸಾಲ. ಅಕ್ಟೋಬರ್ ಮೇಲೆ ಎಣ್ಣೆ ಬೆಲೆ ಏರಿ ಹಡಗಿನ ಬಾಡಿಗೆಯೂ ಏರಿತು, ಗೊಬ್ಬರದ್ದೂ ಅದೇ ಕಥೆ.

1974ರಲ್ಲಿ ಒಂದು ಪುಟ ಬರೆದು ಮೇಲಧಿಕಾರಿಗಳಿಗೆ ಕೊಟ್ಟೆ. ಮೈಲೋ ಬಂದರೆ ರೊಟ್ಟಿ ಬಡಿಯುವ ಜಿಲ್ಲೆಗಳಿಗೆ ಅದೊಂದನ್ನೇ ಕಳಿಸಬೇಡಿ, ಜೊತೆಗೆ ಗೋಧಿ ಇರಲಿ, ಮೂರು ಪಾಲು ಜೋಳಕ್ಕೆ ಒಂದು ಪಾಲಾದರೂ ಸಾಕು ಅಂತ. ಆ ಅಳತೆ ನನ್ನದಲ್ಲ. ಅವ್ವನನ್ನು ಕೇಳಿ ಬರೆದದ್ದು.