31 ಪ್ರಶ್ನೆ ಮತ್ತು ನಮ್ಮ ಮನೆಯ ಕಿಟಕಿ

ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದ ನಮ್ಮ ಫ್ಲ್ಯಾಟಿಗೆ 2023ರ ಮಾರ್ಚಿನಲ್ಲಿ ಗಿರಾಕಿ ಸಿಕ್ಕಿದರು. ಜೂನ್ ಹೊತ್ತಿಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಬಹುದು ಅಂದುಕೊಂಡೆವು. ತಿಂಗಳೊಳಗೆ ಕೊಳ್ಳುವವರ ಸಾಲಿಸಿಟರ್, ಅಂದರೆ ಆಸ್ತಿ ವ್ಯವಹಾರ ನೋಡುವ ವಕೀಲರ ಕಡೆಯಿಂದ ಎನ್‌ಕ್ವೈರಿ ಪಟ್ಟಿ ಬಂತು. 31 ಪ್ರಶ್ನೆ. ನನ್ನ ಹೆಂಡತಿ ಓದಿ, "ಇದೇನ್ರೀ, ನಾವೇನು ಕದ್ದ ಮನೆ ಮಾರ್ತಿದ್ದೀವಾ?" ಅಂದಳು.

ಊರಲ್ಲಿ ಅಪ್ಪ ಸೈಟು ಮಾರಿದಾಗ ಇಸಿ, ಖಾತಾ, ಕಂದಾಯದ ರಸೀದಿ ಹಿಡಿದು ಓಡಾಡಿದ್ದು ನೆನಪಿದೆ. ಇಂಗ್ಲೆಂಡಿನ ಲೀಸ್‌ಹೋಲ್ಡ್ ಫ್ಲ್ಯಾಟಿನ ಪಾಡೇ ಬೇರೆ. ಇಲ್ಲಿ ನಾವು ಮಾರುವುದು ಇಂತಿಷ್ಟು ವರ್ಷ ಇರುವ ಹಕ್ಕನ್ನು ಮಾತ್ರ. ಕಟ್ಟಡ, ನೆಲ ಎರಡೂ ಫ್ರೀಹೋಲ್ಡರ್ ಅನ್ನುವ ಮೂಲ ಮಾಲೀಕರದ್ದು. ನಮ್ಮದು 1990ರಿಂದ 125 ವರ್ಷದ ಲೀಸು. ಇನ್ನೂ 92 ವರ್ಷ ಬಾಕಿ ಇದ್ದುದರಿಂದ ಆ ತಂಟೆ ಬರಲಿಲ್ಲ. 80ಕ್ಕಿಂತ ಕೆಳಗೆ ಇಳಿದಿದ್ದರೆ ಲೀಸು ಬೆಳೆಸುವ ಖರ್ಚು ಜಾಸ್ತಿಯಾಗಿ, ಬೆಲೆಯ ಮಾತೇ ಮತ್ತೆ ಶುರುವಾಗುತ್ತಿತ್ತು.

ಒಂದು ಭಾನುವಾರ ಕೂತು, ಪ್ರತಿ ಪ್ರಶ್ನೆಯ ಮುಂದೆ ಇದಕ್ಕೆ ಉತ್ತರ ಯಾರ ಹತ್ತಿರ ಇದೆ ಅಂತ ಬರೆದೆ. ಅರ್ಧಕ್ಕಿಂತ ಹೆಚ್ಚು, ಫ್ರೀಹೋಲ್ಡರ್ ಪರವಾಗಿ ಕಟ್ಟಡ ನೋಡಿಕೊಳ್ಳುವ ಮ್ಯಾನೇಜಿಂಗ್ ಏಜೆಂಟ್ ಹತ್ತಿರವೇ ಇದ್ದವು: ಮೂರು ವರ್ಷದ ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಗೆ ನಾವು ಕಟ್ಟುವ ಪಾಲು) ಲೆಕ್ಕ, ಕಟ್ಟಡದ ವಿಮೆ, ಬೆಂಕಿ ಸುರಕ್ಷತೆಯ ವರದಿ, ಮುಂದೆ ಬರಲಿರುವ ದೊಡ್ಡ ಕೆಲಸಗಳು. ಇವೆಲ್ಲ ಎಲ್‌ಪಿಇ1 ಅನ್ನುವ ಒಂದೇ ಫಾರ್ಮಿನಲ್ಲಿ ಬರುತ್ತವೆ. ನಮ್ಮ ಏಜೆಂಟ್ ಅದಕ್ಕೆ 360 ಪೌಂಡ್ ಕೇಳಿದರು. ದುಡ್ಡು ಕೊಟ್ಟ ಮೇಲೂ ಐದು ವಾರ ಕಾಯಿಸಿದರು. ಗಿರಾಕಿ ಸಿಕ್ಕ ದಿನವೇ ಅದನ್ನು ತರಿಸಬೇಕಿತ್ತು. ನಾನು ಪ್ರಶ್ನೆ ಬರಲಿ ಅಂತ ಸುಮ್ನೆ ಕೂತಿದ್ದೆ. ಆ ಐದು ವಾರ ನಾನೇ ಮಾಡಿಕೊಂಡ ನಷ್ಟ. ಆಮೇಲೆ ಮಂಗಳವಾರ, ಶುಕ್ರವಾರ ತಪ್ಪದೆ ಫೋನ್ ಮಾಡಿದೆ. ಕೊನೆಕೊನೆಗೆ ಅಲ್ಲಿನ ಹುಡುಗಿ ನನ್ನ ದನಿ ಕೇಳಿಯೇ ಗುರುತು ಹಿಡಿಯುತ್ತಿದ್ದಳು.

ಕಟ್ಟಡದ ಎತ್ತರವನ್ನೂ ಕೇಳಿದ್ದರು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಅನ್ನುವ ವಸತಿ ಕಟ್ಟಡದ ಬೆಂಕಿಯಲ್ಲಿ 72 ಜನ ಸತ್ತ ಮೇಲೆ ಈ ಪ್ರಶ್ನೆಯನ್ನು ಯಾರೂ ಬಿಡುವುದಿಲ್ಲ. ಕಟ್ಟಡ ಕನಿಷ್ಠ 11 ಮೀಟರ್ ಅಥವಾ ಕನಿಷ್ಠ ಐದು ಮಹಡಿ ಇದ್ದರೆ 2022ರ ಬಿಲ್ಡಿಂಗ್ ಸೇಫ್ಟಿ ಆ್ಯಕ್ಟ್ ಪ್ರಕಾರ ಬೇರೆ ಪತ್ರಗಳೇ ಬೇಕು. ನಮ್ಮದು ಮೂರೇ ಮಹಡಿ. ಏಜೆಂಟ್ ಒಂದು ಸಾಲಿನ ಪತ್ರ ಕೊಟ್ಟರು, ಅಲ್ಲಿಗೆ ಮುಗಿಯಿತು.

ನಿದ್ದೆ ಕೆಡಿಸಿದ್ದು ಕಿಟಕಿ. 2016ರಲ್ಲಿ ಚಳಿಗಾಳಿ ತಡೆಯಲಾಗದೆ ಕಿಟಕಿಗಳನ್ನೆಲ್ಲ ಬದಲಾಯಿಸಿದ್ದೆವು. ಪ್ರಶ್ನೆ ಎರಡಿತ್ತು: ಕಿಟಕಿ ಕಟ್ಟಡದ ನಿಯಮದಂತೆ ಹಾಕಿದ್ದು ಅನ್ನುವ ಫೆನ್ಸಾ ಸರ್ಟಿಫಿಕೇಟ್ ಎಲ್ಲಿ? ಫ್ರೀಹೋಲ್ಡರ್ ಒಪ್ಪಿಗೆ ಎಲ್ಲಿ? ಸರ್ಟಿಫಿಕೇಟ್ ಕಳೆದುಹೋಗಿತ್ತು, ಫೆನ್ಸಾದವರಿಂದಲೇ ನಕಲು ತರಿಸಿಕೊಂಡೆ. ಒಪ್ಪಿಗೆಯನ್ನು ಮಾತ್ರ ನಾವು ಕೇಳಿಯೇ ಇರಲಿಲ್ಲ. ಲೀಸು ತೆಗೆದು ಓದಿದರೆ, ಗಾಜು ನಮ್ಮದಂತೆ, ಚೌಕಟ್ಟು ಫ್ರೀಹೋಲ್ಡರದ್ದಂತೆ! ಏಳು ವರ್ಷ ಅವರ ಚೌಕಟ್ಟಿನಲ್ಲಿ ನಮ್ಮ ಕರ್ಟನ್ ತೂಗಿತ್ತು.

ಈಗಲಾದರೂ ಒಪ್ಪಿಗೆ ಕೊಡಿ ಅಂತ ಏಜೆಂಟಿಗೆ ಉದ್ದನೆಯ ಈಮೇಲ್ ಬರೆದೆ. ಕಳಿಸುವ ಮುಂಚೆ ನಮ್ಮ ಸಾಲಿಸಿಟರಿಗೆ ತೋರಿಸಿದ್ದು ನನ್ನ ಪುಣ್ಯ. ಆಕೆ ಕೂಡಲೇ ಫೋನ್ ಮಾಡಿ, ಕಳಿಸಬೇಡಿ ಅಂದರು. ಇಂಥ ಹಳೇ ತಪ್ಪಿಗೆ ಇಂಡೆಮ್ನಿಟಿ ಪಾಲಿಸಿ ಸಿಗುತ್ತದೆ, ಮುಂದೆ ಫ್ರೀಹೋಲ್ಡರ್ ತಕರಾರು ತೆಗೆದರೆ ವಿಮೆಯವರು ನೋಡಿಕೊಳ್ಳುತ್ತಾರೆ. ಆದರೆ ನಾವೇ ಹೋಗಿ ಫ್ರೀಹೋಲ್ಡರ್ ಕಡೆಯವರ ಕಿವಿಗೆ ಹಾಕಿದರೆ ಆ ಪಾಲಿಸಿ ಸಿಗುವುದು ಕಷ್ಟ. ಆಗ ಉಳಿಯುವುದು ಒಪ್ಪಿಗೆಯ ದಾರಿ ಒಂದೇ. ಅದಕ್ಕೆ ಅವರು ಎಷ್ಟು ಫೀಸು ಕೇಳುತ್ತಾರೋ, ಎಷ್ಟು ತಿಂಗಳು ಎಳೆಯುತ್ತಾರೋ.

ಕೊಳ್ಳುವವರ ಕಡೆಯವರು ಮೊದಲು ಒಪ್ಪಿಗೆಯೇ ಬೇಕೆಂದು ಪಟ್ಟು ಹಿಡಿದರು, ಆಮೇಲೆ ಪಾಲಿಸಿಗೆ ಒಪ್ಪಿದರು. ನನಗೆ ತಗಲಿದ್ದು 70 ಪೌಂಡು. ಪಾಲಿಸಿಯಿಂದ ತಪ್ಪು ಸರಿಯಾಗಿಬಿಡುವುದಿಲ್ಲ, ಸಾಲಿಸಿಟರುಗಳಿಗೆ ನೆಮ್ಮದಿ ಸಿಗುತ್ತದೆ, ಅಷ್ಟೆ. ಆದರೂ ಆ 70 ಪೌಂಡಿನ ಬಗ್ಗೆ ನನಗೆ ಬೇಜಾರಿಲ್ಲ.

ಇನ್ನು ನಾನೇ ಉತ್ತರಿಸಬೇಕಾದವು. ಅಕ್ಕಪಕ್ಕದವರ ಜೊತೆ ಜಗಳ ಇದೆಯೇ, ದೂರು ಕೊಟ್ಟಿದ್ದೀರಾ ಅಂತ ಮಾರುವವರು ಮನೆಯ ವಿವರ ತುಂಬಿಕೊಡುವ ಟಿಎ6 ಫಾರ್ಮಿನಲ್ಲೇ ಕೇಳುತ್ತಾರೆ. ಮೇಲಿನ ಮನೆಯ ವಾಷಿಂಗ್ ಮಷಿನ್ ರಾತ್ರಿ ಹನ್ನೊಂದಕ್ಕೆ ಗುಡುಗುತ್ತದೆ ಅಂತ 2019ರಲ್ಲಿ ಎರಡು ಈಮೇಲ್ ಬರೆದಿದ್ದೆ. ಬರೆಯೋದಾ ಬೇಡವಾ ಅಂತ ಮನೆಯಲ್ಲಿ ಚರ್ಚೆಯೇ ನಡೆಯಿತು. ಮುಚ್ಚಿಟ್ಟು ಮುಂದೆ ಹೊರಬಿದ್ದರೆ ಕೊಂಡವರು ಪರಿಹಾರಕ್ಕೆ ಕೋರ್ಟಿಗೆ ಎಳೆಯಬಹುದು, ಅಲ್ವಾ? ಎರಡು ಸಾಲಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದೆ. ಯಾರೂ ಏನೂ ಅನ್ನಲಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಬರೆದೆ.

ಎಲ್‌ಪಿಇ1 ಬಂದ ಮೇಲೆ ಅದರ ಬೆನ್ನಿಗೇ ಇನ್ನೂ ಒಂಬತ್ತು ಪ್ರಶ್ನೆ ಬಂದವು. ಮೆಟ್ಟಿಲ ಕಡೆ ಬಣ್ಣ ಬಳಿಸಲು ಸೆಕ್ಷನ್ 20 ನೋಟಿಸು ಹೊರಟಿತ್ತು. ಒಬ್ಬೊಬ್ಬರ ಪಾಲು 250 ಪೌಂಡ್ ಮೀರುವ ಕೆಲಸಕ್ಕೆ ಹಾಗೆ ಮೊದಲೇ ತಿಳಿಸಬೇಕು. ಆ ದುಡ್ಡು ಯಾರು ಕೊಡುವುದು? ಎರಡೂ ಕಡೆಯ ಸಾಲಿಸಿಟರುಗಳು ಹತ್ತು ದಿನ ಪತ್ರ ಬರೆದುಕೊಂಡರು. ಕೊನೆಗೆ ನಾನೇ ಎಸ್ಟೇಟ್ ಏಜೆಂಟ್ ಮೂಲಕ ಕೊಳ್ಳುವವರನ್ನು ಕೇಳಿಸಿದೆ. ನಮ್ಮ ದುಡ್ಡಿನಲ್ಲಿ 500 ಪೌಂಡ್ ಹಿಡಿದಿಟ್ಟುಕೊಂಡು, ಲೆಕ್ಕ ಮುಗಿದ ಮೇಲೆ ಮಿಕ್ಕಿದ್ದನ್ನು ವಾಪಸು ಕೊಡುವುದು ಅಂತ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನವಾಯಿತು.

ಆಗಸ್ಟ್ ಕೊನೆಗೆ ಕೀಲಿ ಕೊಟ್ಟೆವು. ಹಾಲು ಉಕ್ಕಿಸಿದ್ದು ಸೆಪ್ಟೆಂಬರಿನಲ್ಲಿ. ಮರುವರ್ಷ ಬೇಸಿಗೆಯಲ್ಲಿ ಹಿಡಿದಿಟ್ಟ ದುಡ್ಡಿನ ವಿಷಯ ಮರೆತೇಹೋಗಿದ್ದಾಗ ಸಾಲಿಸಿಟರಿಂದ ಈಮೇಲ್ ಬಂತು: ಬಣ್ಣ ಬಳಿದು ಮುಗಿದಿದೆ, ನಿಮಗೆ 140 ಪೌಂಡ್ ಬರುತ್ತದೆ, ಬ್ಯಾಂಕ್ ವಿವರ ಕಳಿಸಿ.